ಎದೆಕೊಟ್ಟು ನಿಂತ ಚಂದ್ರಪಾಲ್

ಬ್ಯಾಟ್ ಮಾಡಲು ಕ್ರೀಸಿಗೆ ಬಂದವರು ಸಾಮಾನ್ಯವಾಗಿ ಅಂಪೈರ್ ಕೇಳಿ ಗಾರ್ಡ್ ತೆಗೆದುಕೊಳ್ಳುತ್ತಾರೆ. ಬೂಟಿನ ಮೊಳೆಯಿಂದ ನೆಲ ಕೆರೆದು ಒಂದು ಗುರುತು ಮಾಡಿಕೊಳ್ಳುತ್ತಾರೆ. ವೆಸ್ಟ್ ಇಂಡೀಸ್ ತಂಡದ ಶಿವನಾರಾಯಣ ಚಂದ್ರಪಾಲ್ ಹಾಗೆ ಮಾಡುತ್ತಿರಲಿಲ್ಲ. ಸ್ಟಂಪಿನ ಮೇಲಿಡುವ ಬೇಲ್ ಎಂಬ ಪುಟ್ಟ ಮರದ ತುಂಡೊಂದನ್ನು ಎತ್ತಿಕೊಂಡು ಗುರುತಿನ ಜಾಗದಲ್ಲಿ ಇಟ್ಟು, ಬ್ಯಾಟನ್ನು ತಿರುಗಿಸಿ ಹಿಡಿಕೆಯ ತುದಿಯಿಂದ ಪೆಟ್ಟು ಕೊಟ್ಟು ನೆಲಕ್ಕೆ ಬಡಿಯುತ್ತಿದ್ದರು. ಆಮೇಲೆ ಬೇಲನ್ನು ಕಿತ್ತು ಮತ್ತೆ ಸ್ಟಂಪಿನ ಮೇಲೆ ಕೂರಿಸಿ ಆಟಕ್ಕೆ ನಿಲ್ಲುತ್ತಿದ್ದರು. ಬಡಿದ ಗುಂಡಿ ಬೇಗ ಅಳಿಸಿಹೋಗುವುದಿಲ್ಲ. ಇಡೀ ದಿನ ಅಲ್ಲೇ ಇರಬೇಕೆಂದು ಬಂದವನ ತಯಾರಿ ಅದು.

ಬಳಿಕ ಅವರು ನಿಲ್ಲುತ್ತಿದ್ದ ಭಂಗಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಣ್ಣಿನ ಕೆಳಗೆ ಬಿಸಿಲಿನ ಪ್ರಖರತೆ ತಡೆಯುವ ಕಪ್ಪು ಪಟ್ಟಿಗಳು. ಎಡಗೈ ಬ್ಯಾಟ್ಸ್‌ಮನ್ ಆಗಿದ್ದರೂ ಬಲಭುಜ ಬೌಲರ್ ಕಡೆಗಿಲ್ಲ. ಎರಡೂ ಕಾಲು ಅಗಲಿಸಿ, ಎದೆಯನ್ನು ನೇರವಾಗಿ ಬೌಲರ್ ಕಡೆಗೆ ತಿರುಗಿಸಿ, ಮೊಣಕಾಲು ಬಾಗಿಸಿ ನಿಂತಿರುತ್ತಿದ್ದರು. ಯಾವ ಶಿಬಿರದಲ್ಲಾದರೂ ಹುಡುಗನೊಬ್ಬ ಹೀಗೆ ನಿಂತರೆ ತರಬೇತುದಾರ ಹೆಗಲು ಹಿಡಿದು ತಿರುಗಿಸಿ ನಿಲ್ಲಿಸುವುದು ಖಂಡಿತ. ಅದೇ ಭಂಗಿಯಿಂದ ಈ ಮನುಷ್ಯ 21 ವರ್ಷಗಳಲ್ಲಿ 164 ಟೆಸ್ಟ್ ಆಡಿ, 30 ಶತಕಗಳೊಂದಿಗೆ 11,867 ರನ್ ಗಳಿಸಿದರು. ಸರಾಸರಿ 51.37.

ಇಷ್ಟು ಸಾಧಿಸಿದವರ ಬಗ್ಗೆ ಎರಡು ಪ್ರಶ್ನೆಗಳು ಇಂದಿಗೂ ಉಳಿದಿವೆ. ಹಾಗೆ ನಿಂತು ಆಡಲು ಸಾಧ್ಯವಾದದ್ದು ಹೇಗೆ ಎಂಬುದು ಒಂದು. ಈ ರನ್‌ಗಳಿಂದ ತಂಡಕ್ಕೆ ಎಷ್ಟು ಉಪಯೋಗವಾಯಿತು, ಅವರು ತಮಗಾಗಿ ಆಡಿದರೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಎಂಬುದು ನನ್ನ ನಂಬಿಕೆ. ಸುತ್ತಲಿನ ಎಲ್ಲವೂ ಕುಸಿಯುತ್ತಿದ್ದಾಗ ಔಟಾಗದೆ ಉಳಿಯುವುದು ಹೇಗೆ ಎಂಬ ಒಂದೇ ಸಮಸ್ಯೆಯನ್ನು ಅವರು ಇಡೀ ವೃತ್ತಿಜೀವನ ಬಿಡಿಸುತ್ತಾ ಹೋದರು. ಭಂಗಿಯೂ ಅದಕ್ಕಾಗಿಯೇ ಹುಟ್ಟಿದ್ದು, ಅಂಕಿ-ಅಂಶಗಳೂ ಅದರಿಂದಲೇ ಬಂದವು.

ಮೊದಲು ಊರಿನ ವಿಷಯ. ವೆಸ್ಟ್ ಇಂಡೀಸ್ ಎಂಬುದು ಒಂದು ದೇಶವಲ್ಲ. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್, ಆ್ಯಂಟಿಗಾ ಮುಂತಾದ ದ್ವೀಪಗಳೂ ದಕ್ಷಿಣ ಅಮೆರಿಕದ ನೆಲದ ಮೇಲಿರುವ ಗಯಾನಾವೂ ಕ್ರಿಕೆಟ್ಟಿಗಾಗಿ ಒಂದೇ ಟೋಪಿ ತೊಡುತ್ತವೆ. ಗಯಾನಾದ ಕಬ್ಬಿನ ತೋಟಗಳಿಗೆ 1838ರಿಂದ 1917ರವರೆಗೆ ಭಾರತದಿಂದ ಗಿರ್ಮಿಟ್ ಎಂಬ ದುಡಿಮೆಯ ಕರಾರಿನ ಮೇಲೆ ಕೂಲಿಗಳನ್ನು ಹಡಗಿನಲ್ಲಿ ಸಾಗಿಸಲಾಯಿತು. ಅವರ ಸಂತತಿ ಇಂದು ಆ ದೇಶದ ದೊಡ್ಡ ಸಮುದಾಯ. ಹಿಂದಿನ ತಲೆಮಾರಿನ ಬ್ಯಾಟ್ಸ್‌ಮನ್‌ಗಳಾದ ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್ ಅದೇ ನೆಲದಿಂದ ಬಂದವರು. ಚಂದ್ರಪಾಲ್ ಹುಟ್ಟಿದ್ದು 1974ರ ಆಗಸ್ಟ್ 16ರಂದು, ಡೆಮರಾರಾದ ಪೂರ್ವ ಕರಾವಳಿಯ ಯೂನಿಟಿ ಎಂಬ ಹಳ್ಳಿಯಲ್ಲಿ. ತಂದೆ ಖೇಮರಾಜ್ ಮಗನಿಗೆ ಗಂಟೆಗಟ್ಟಲೆ ಬೌಲ್ ಮಾಡಿ ಬೆಳೆಸಿದರು. ಕೆರಿಬಿಯನ್ನಿನ ಭಾರತೀಯ ಮೂಲದವರಲ್ಲಿ ನೂರು ಟೆಸ್ಟ್ ಆಡಿದ ಮೊದಲಿಗರು ಈ ಮಗ.

1994ರ ಮಾರ್ಚ್‌ನಲ್ಲಿ ಜಾರ್ಜ್‌ಟೌನಿನ ಬೋರ್ಡಾ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ತವರಿನ ಜನರ ಮುಂದೆಯೇ ಅವರ ಪದಾರ್ಪಣೆ ಆಯಿತು. ವಯಸ್ಸು 19, ತೆಳ್ಳಗಿನ ಮೈ. ಮೊದಲ ಇನಿಂಗ್ಸ್‌ನಲ್ಲೇ 62 ರನ್. ಮುಂದಿನ ತಿಂಗಳು ಆ್ಯಂಟಿಗಾದಲ್ಲಿ ಅದೇ ತಂಡದ ಬ್ರಯಾನ್ ಲಾರಾ, ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಗ್ಯಾರಿ ಸೋಬರ್ಸ್ ಮಾಡಿದ್ದ 365 ರನ್‌ಗಳ ದಾಖಲೆಯನ್ನು ದಾಟಿ 375 ಬಾರಿಸಿದಾಗ ಇನ್ನೊಂದು ತುದಿಯಲ್ಲಿ ಇದ್ದವರು ಇದೇ ಹುಡುಗ, ಅಜೇಯ 75ರೊಂದಿಗೆ. ಮುಂದಿನ ಹನ್ನೆರಡು ವರ್ಷ ಇಬ್ಬರ ನಡುವಿನ ಲೆಕ್ಕ ಹೆಚ್ಚುಕಡಿಮೆ ಹೀಗೆಯೇ ಇತ್ತು. ಜಗತ್ತು ಲಾರಾ ಅವರನ್ನು ನೋಡುತ್ತಿತ್ತು, ಚಂದ್ರಪಾಲ್ ಎದುರು ತುದಿಯಲ್ಲಿ ಇರುತ್ತಿದ್ದರು.

ಇನ್ನು ಭಂಗಿಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವೀಕ್ಷಕ ವಿವರಣೆಗಾರರೂ ಇದನ್ನು ವಿಚಿತ್ರ ಎಂದು ಹೇಳಿ ಮುಂದೆ ಹೋಗುತ್ತಿದ್ದರೇ ಹೊರತು ಬಿಡಿಸಿ ಹೇಳುತ್ತಿದ್ದುದು ಕಡಿಮೆ.

ಪಠ್ಯಪುಸ್ತಕದ ಪ್ರಕಾರ ಎಡಗೈ ಬ್ಯಾಟ್ಸ್‌ಮನ್ ಬಲಭುಜವನ್ನು ಬೌಲರ್ ಕಡೆಗೆ ಇಟ್ಟು ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಆಗ ಎದೆ ಆಫ್ ಸೈಡಿಗೆ ಮುಖ ಮಾಡಿರುತ್ತದೆ, ಬ್ಯಾಟ್ ನೇರವಾಗಿ ಇಳಿಯಲು ಹಾದಿ ಸಿಗುತ್ತದೆ. ಆದರೆ ಇದಕ್ಕೂ ಒಂದು ಬೆಲೆ ತೆರಬೇಕು. ದೇಹ ಒಂದು ಕಡೆ, ನೋಟ ಇನ್ನೊಂದು ಕಡೆ. ಚೆಂಡನ್ನು ನೋಡಲು ಕತ್ತನ್ನು ಪೂರ್ತಿ ಹೊರಳಿಸಬೇಕು. ಕತ್ತು ಸಾಕಷ್ಟು ಹೊರಳದಿದ್ದರೆ ಹಿಂದಿನ ಕಣ್ಣಿಗೆ ಮೂಗು ಅಡ್ಡ ಬರುತ್ತದೆ. ತಲೆ ಆಫ್ ಸೈಡಿನತ್ತ ವಾಲಿದರಂತೂ ತೂಕವೆಲ್ಲ ಅದರ ಹಿಂದೆ ಹೋಗುತ್ತದೆ. ಆಗ ಒಳಗೆ ನುಗ್ಗುವ ಚೆಂಡಿಗೆ ಮುಂಗಾಲು ಅಡ್ಡ ಬಂದು ಎಲ್‌ಬಿಡಬ್ಲ್ಯು ಆಗುವುದನ್ನು ನಾವು ದಿನವೂ ನೋಡುತ್ತೇವೆ.

ಚಂದ್ರಪಾಲ್ ಎದೆ ತೆರೆದು ನಿಂತದ್ದರಿಂದ ಎರಡೂ ಕಣ್ಣುಗಳು ಒಂದೇ ಮಟ್ಟದಲ್ಲಿ ಬೌಲರ್‌ನ ಕೈಯನ್ನು ನೋಡುತ್ತಿದ್ದವು. ಚೆಂಡು ಎಷ್ಟು ದೂರದಲ್ಲಿದೆ, ಎಲ್ಲಿ ಬೀಳುತ್ತದೆ ಎಂಬ ಅಂದಾಜಿಗೆ ಎರಡು ಕಣ್ಣೂ ಬೇಕು. ಮುಂಗಾಲು ಪಕ್ಕಕ್ಕೆ ತೆರೆದಿದ್ದ ಕಾರಣ ಆರಂಭದಲ್ಲೇ ಸ್ಟಂಪಿನ ಮುಂದೆ ಊರಿಕೊಳ್ಳುವ ಅಪಾಯವೂ ಇರಲಿಲ್ಲ.

ಹಾಗಾದರೆ ಎದೆಕೊಟ್ಟು ನಿಂತವನು ಆಫ್ ಸೈಡಿನ ಚೆಂಡನ್ನು ಆಡುವುದು ಹೇಗೆ? ಇಲ್ಲೇ ಬಹಳ ಮಂದಿ ತಪ್ಪು ತಿಳಿದಿರುವುದು. ಅವರು ಹಾಗೆ ನಿಲ್ಲುತ್ತಿದ್ದರೇ ಹೊರತು ಹಾಗೆಯೇ ನಿಂತು ಆಡುತ್ತಿರಲಿಲ್ಲ. ಬೌಲರ್ ಕೈ ಮೇಲೆತ್ತುವ ಹೊತ್ತಿಗೆ ಚಂದ್ರಪಾಲ್ ಕಾಲುಗಳು ಹೊರಡುತ್ತಿದ್ದವು. ಅಡ್ಡಲಾಗಿ ಆಫ್ ಸ್ಟಂಪಿನತ್ತ ಸರಿದು, ಭುಜ ತಿರುಗಿಸಿ, ಚೆಂಡು ಬರುವಷ್ಟರಲ್ಲಿ ಹೆಚ್ಚುಕಡಿಮೆ ಪಠ್ಯಪುಸ್ತಕ ಹೇಳುವ ಜಾಗಕ್ಕೇ ಬಂದು ಮುಟ್ಟಿರುತ್ತಿದ್ದರು. ಚೆಂಡು ಬ್ಯಾಟಿಗೆ ತಾಗುವ ಕ್ಷಣದ ಚಿತ್ರ ತೆಗೆದು ನೋಡಿದರೆ ತಲೆ ನೇರ, ಬ್ಯಾಟ್ ಪ್ಯಾಡಿಗೆ ಅಂಟಿದಷ್ಟು ಹತ್ತಿರ, ಕಣ್ಣು ಚೆಂಡಿನ ಮೇಲೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರ್‌ನ ಕೈಬಿಟ್ಟು ಬ್ಯಾಟನ್ನು ತಲುಪಲು ಅರ್ಧ ಸೆಕೆಂಡ್ ಕೂಡ ಬೇಕಿಲ್ಲ. ಅಷ್ಟರಲ್ಲಿ ಈ ಇಡೀ ಚಲನೆಯನ್ನು ಪ್ರತಿ ಎಸೆತಕ್ಕೂ ಒಂದೇ ರೀತಿ ಮುಗಿಸಬೇಕು. ಸಾವಿರಾರು ಗಂಟೆಗಳ ನೆಟ್ ಅಭ್ಯಾಸವಿಲ್ಲದೆ ಅದು ಆಗುವ ಕೆಲಸವಲ್ಲ. ನಕಲು ಮಾಡಲು ಹೋದ ಹುಡುಗರು ಭಂಗಿಯನ್ನಷ್ಟೇ ತೆಗೆದುಕೊಂಡು ಸರಿಯುವುದನ್ನು ಬಿಟ್ಟರೆ ಬೌಲ್ಡ್ ಆಗುವುದೇ ಗತಿ.

ಈ ಸರಿಯುವಿಕೆಯಿಂದ ಇನ್ನೊಂದು ಲಾಭವಿತ್ತು. ತಲೆ ಆಫ್ ಸ್ಟಂಪಿನ ನೇರಕ್ಕೆ ಬಂದುಬಿಡುತ್ತಿದ್ದುದರಿಂದ, ಕಣ್ಣಿನ ನೇರಕ್ಕಿಂತ ಹೊರಗೆ ಹೋಗುವ ಚೆಂಡು ಸ್ಟಂಪಿಗೆ ತಾಗುವುದಿಲ್ಲ ಎಂಬುದು ಅವರಿಗೆ ಖಚಿತ. ಅದನ್ನು ಬಿಟ್ಟುಬಿಡಬಹುದು. ಬೌಲರ್ ಬೇಸತ್ತು ಒಳಕ್ಕೆ ಹಾಕಿದರೆ ಸೊಂಟದ ಬಳಿಯಿಂದ ಮಿಡ್‌ವಿಕೆಟ್ ಕಡೆಗೋ ಫೈನ್ ಲೆಗ್ ಕಡೆಗೋ ತಿರುವಿ ಒಂದು ರನ್. ಸ್ವಲ್ಪ ಗಿಡ್ಡವಾದರೆ ಚೆಂಡು ಮೈಗೆ ಬರುವವರೆಗೂ ಕಾದು ಕೀಪರ್ ಕೈಗವಸಿನ ಮುಂದಿನಿಂದ ತರ್ಡ್‌ಮ್ಯಾನ್‌ಗೆ ಜಾರಿಸುವುದು. ಚೆಂದದ ಹೊಡೆತಗಳಲ್ಲ. ನೋಡುವವರು ಎದ್ದು ನಿಂತು ಚಪ್ಪಾಳೆ ತಟ್ಟುವಂಥವಲ್ಲ. ಆದರೆ ತಪ್ಪಾಗುವ ಸಂಭವ ತೀರಾ ಕಡಿಮೆ ಇದ್ದ ಹೊಡೆತಗಳನ್ನೇ ಅವರು ಆರಿಸಿ ಇಟ್ಟುಕೊಂಡಿದ್ದರು. 1994ರ ಚಂದ್ರಪಾಲ್ ಇಷ್ಟು ತೆರೆದು ನಿಲ್ಲುತ್ತಿರಲಿಲ್ಲ. ವರ್ಷಗಳು ಕಳೆದಂತೆ ಭಂಗಿ ಹೆಚ್ಚು ಹೆಚ್ಚು ತೆರೆದುಕೊಂಡಿತು. ಚಾಳಿಯಾಗಿದ್ದರೆ ಮೊದಲ ದಿನದಿಂದಲೇ ಹಾಗಿರುತ್ತಿತ್ತು. ಇದು ದುಡಿದು ಕಂಡುಕೊಂಡ ದಾರಿ.

ಹೀಗೆ ಆಡಿದರೆ ಏನಾಗುತ್ತದೆ ಎಂಬುದನ್ನು ಭಾರತೀಯ ಬೌಲರ್‌ಗಳು 2002ರ ಬೇಸಿಗೆಯಲ್ಲಿ ಮೈಯೆಲ್ಲ ಬೆವರಿ ತಿಳಿದುಕೊಂಡರು. ಆ ಸರಣಿಯನ್ನು ನಾವು ಕನ್ನಡಿಗರು ಇನ್ನೊಂದು ಕಾರಣಕ್ಕೆ ಮರೆತಿಲ್ಲ. ಆ್ಯಂಟಿಗಾ ಟೆಸ್ಟಿನಲ್ಲಿ ಮರ್ವಿನ್ ಡಿಲಾನ್ ಎಸೆತ ತಗುಲಿ ದವಡೆ ಮುರಿದಿದ್ದ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದು ಲಾರಾ ವಿಕೆಟ್ ಕಿತ್ತರು. ಅದೇ ಇನಿಂಗ್ಸ್‌ನಲ್ಲಿ ಚಂದ್ರಪಾಲ್ ಅಜೇಯ 136. ಕೀಪರ್ ಅಜಯ್ ರಾತ್ರಾ ಸೇರಿ ಭಾರತದ ಹನ್ನೊಂದು ಮಂದಿಯೂ ಬೌಲ್ ಮಾಡಿದರು. ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 629 ಎಂದು ಡಿಕ್ಲೇರ್ ಮಾಡಿಕೊಂಡಿತು.

ಆ ಸರಣಿಯ ಏಳು ಇನಿಂಗ್ಸ್‌ಗಳನ್ನು ಸಾಲಾಗಿ ಬರೆದರೆ 140, 1, ಔಟಾಗದೆ 67, ಔಟಾಗದೆ 101, ಔಟಾಗದೆ 136, 58, 59. ಒಟ್ಟು 562 ರನ್. ಪೋರ್ಟ್ ಆಫ್ ಸ್ಪೇನ್‌ನಲ್ಲಿ 1 ರನ್ನಿಗೆ ಔಟಾದವರನ್ನು ಮತ್ತೆ ಔಟ್ ಮಾಡಲು ಭಾರತಕ್ಕೆ ಬೇಕಾದದ್ದು 1,513 ನಿಮಿಷ. ಅಂದರೆ ಇಪ್ಪತ್ತೈದು ಗಂಟೆಗೂ ಹೆಚ್ಚು. ಒಂದು ದಿನದ ಆಟ ಆರು ಗಂಟೆ ಎಂದು ಹಿಡಿದರೆ ನಾಲ್ಕು ಪೂರ್ಣ ದಿನಗಳ ಮೇಲೆ ಇನ್ನೂ ಸ್ವಲ್ಪ ಹೊತ್ತು. ಎರಡು ಬಾರಿ ಔಟಾಗುವ ನಡುವೆ ಸಾವಿರ ನಿಮಿಷಕ್ಕಿಂತ ಹೆಚ್ಚು ಬ್ಯಾಟ್ ಮಾಡುವುದನ್ನು ಅವರು ವೃತ್ತಿಜೀವನದಲ್ಲಿ ನಾಲ್ಕು ಸಲ ಸಾಧಿಸಿದರು. 2007ರಲ್ಲಿ ಇಂಗ್ಲೆಂಡಿನಲ್ಲಿ 446 ರನ್, ಮರುವರ್ಷ ತವರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ 442 ರನ್. ಎರಡೂ ಸರಣಿಗಳಲ್ಲಿ ಮೂರು ಮೂರು ಬಾರಿ ಮಾತ್ರ ಔಟ್.

ಇಲ್ಲಿಂದಲೇ ಆಕ್ಷೇಪವೂ ಶುರುವಾಗುತ್ತದೆ. ಕ್ರಿಕೆಟ್ಟಿನಲ್ಲಿ ಸರಾಸರಿ ಲೆಕ್ಕ ಹಾಕುವಾಗ ಒಟ್ಟು ರನ್ನನ್ನು ಆಡಿದ ಇನಿಂಗ್ಸ್‌ಗಳಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತಾರೆ. ಮೂರು ಇನಿಂಗ್ಸ್‌ನಲ್ಲಿ ತಲಾ 40 ರನ್ ಮಾಡಿ ಒಂದರಲ್ಲಿ ಔಟಾಗದೆ ಉಳಿದವನ ಸರಾಸರಿ 60. ಚಂದ್ರಪಾಲ್ 280 ಇನಿಂಗ್ಸ್‌ಗಳಲ್ಲಿ 49 ಬಾರಿ ಅಜೇಯರಾಗಿ ಉಳಿದರು. ಇನಿಂಗ್ಸ್ ಒಂದಕ್ಕೆ ಎಷ್ಟು ರನ್ ಎಂದು ನೋಡಿದರೆ ಅವರ 51.37 ಎಂಬುದು 42.4ಕ್ಕೆ ಇಳಿಯುತ್ತದೆ. ಲಾರಾ 232 ಇನಿಂಗ್ಸ್‌ಗಳಲ್ಲಿ ಔಟಾಗದೆ ಉಳಿದದ್ದು ಆರೇ ಬಾರಿ. ಅವರ 52.88 ಇಳಿಯುವುದು 51.5ಕ್ಕೆ ಮಾತ್ರ. ಆದ್ದರಿಂದ ಚಂದ್ರಪಾಲ್ ಸರಾಸರಿ ಉಬ್ಬಿದ್ದು, ಐದನೆಯವರಾಗಿ ಸುರಕ್ಷಿತವಾಗಿ ಬಂದು, ಕೊನೆಯಲ್ಲಿ ಬ್ಯಾಟ್ ಮಾಡಲು ಬರುವ ಬಾಲಂಗೋಚಿ ಬೌಲರ್‌ಗಳನ್ನು ಎದುರಿಗೆ ಬಿಟ್ಟು ತಾವು ಔಟಾಗದೆ ಉಳಿಯುತ್ತಿದ್ದರು ಎಂಬ ವಾದ ಹುಟ್ಟಿಕೊಂಡಿತು.

ಲೆಕ್ಕ ಸರಿ. ಅದರಿಂದ ಎಳೆದ ತೀರ್ಮಾನ ಮಾತ್ರ ಸರಿಯಲ್ಲ. ಅಜೇಯ ಎಂಬುದು ಬ್ಯಾಟ್ಸ್‌ಮನ್ ಒಬ್ಬನೇ ಸೃಷ್ಟಿಸುವ ಅಂಕಿಯಲ್ಲ. ಎದುರು ತುದಿ ಖಾಲಿಯಾದಾಗಲೂ ಅದು ಹುಟ್ಟುತ್ತದೆ. 2002ರ ಪೋರ್ಟ್ ಆಫ್ ಸ್ಪೇನ್ ಟೆಸ್ಟನ್ನೇ ತೆಗೆದುಕೊಳ್ಳಿ. ಗೆಲ್ಲಲು 313 ಬೇಕಿದ್ದ ವೆಸ್ಟ್ ಇಂಡೀಸ್ 37 ರನ್‌ಗಳಿಂದ ಸೋತಿತು. 67 ರನ್ ಮಾಡಿದ್ದ ಚಂದ್ರಪಾಲ್ ಔಟಾಗಿರಲಿಲ್ಲ, ಉಳಿದವರೆಲ್ಲ ಔಟಾಗಿದ್ದರು. 2004ರ ಲಾರ್ಡ್ಸ್ ಟೆಸ್ಟಿನಲ್ಲಿ ಎರಡು ಇನಿಂಗ್ಸ್‌ಗಳಲ್ಲಿ ಔಟಾಗದೆ 128, ಔಟಾಗದೆ 97. ಇಂಗ್ಲೆಂಡ್ 210 ರನ್‌ಗಳಿಂದ ಗೆದ್ದಿತು. ಎರಡನೇ ಶತಕಕ್ಕೆ ಮೂರೇ ರನ್ ಬೇಕಿದ್ದಾಗ ಹನ್ನೊಂದನೆಯವನೂ ಪೆವಿಲಿಯನ್ ಸೇರಿದ್ದ. ಇದರಲ್ಲಿ ಸ್ವಾರ್ಥ ಎಲ್ಲಿದೆಯೆಂದು ನನಗಂತೂ ಕಾಣುವುದಿಲ್ಲ.

ಮೂರನೇ ಅಥವಾ ನಾಲ್ಕನೇ ಕ್ರಮಾಂಕಕ್ಕೆ ಬಡ್ತಿ ಪಡೆದು ಬರಬೇಕಿತ್ತು ಎಂಬ ಮಾತಿನಲ್ಲಿ ಹುರುಳಿದೆ. ಲಾರಾ ನಿವೃತ್ತರಾದ ಮೇಲಾದರೂ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಮೊದಲು ಬಂದು ಹೊಸ ಚೆಂಡಿನ ಬಿಸಿಯನ್ನು ತಡೆಯಬಹುದಿತ್ತು. ಬಾಲಂಗೋಚಿಗಳ ಜೊತೆ ಆಡುವಾಗ ಓವರಿನ ಮೊದಲ ಎಸೆತದಲ್ಲೇ ಒಂದು ರನ್ ತೆಗೆದುಕೊಂಡು ಆಚೆ ಹೋದದ್ದೂ ಉಂಟು. ಆದರೆ ವೆಸ್ಟ್ ಇಂಡೀಸ್ ಮೂರು ವಿಕೆಟ್‌ಗೆ ಮೂವತ್ತು, ನಾಲ್ಕಕ್ಕೆ ಐವತ್ತು ಎಂದು ಕುಸಿಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಐದನೆಯವರಾಗಿ ಬಂದವರಿಗೂ ಎಷ್ಟೋ ಸಲ ಹೊಸ ಚೆಂಡೇ ಸಿಗುತ್ತಿತ್ತು.

ಆ ತಂಡದ ಸ್ಥಿತಿಯನ್ನು ನೆನಪಿಡದೆ ಅವರ ವೃತ್ತಿಜೀವನ ಅರ್ಥವಾಗುವುದಿಲ್ಲ. ಹದಿನೈದು ವರ್ಷ ಯಾವ ಟೆಸ್ಟ್ ಸರಣಿಯನ್ನೂ ಸೋಲದಿದ್ದ ವೆಸ್ಟ್ ಇಂಡೀಸ್ 1995ರಲ್ಲಿ ತವರಿನಲ್ಲೇ ಆಸ್ಟ್ರೇಲಿಯಾಕ್ಕೆ ಶರಣಾಯಿತು. ಚಂದ್ರಪಾಲ್ ಬಂದು ಆಗ ಒಂದೇ ವರ್ಷ. ವೇಗದ ಬೌಲರ್‌ಗಳಾದ ಆಂಬ್ರೋಸ್, ವಾಲ್ಷ್ ಹೊರಟುಹೋದರು. ಕ್ರಿಕೆಟ್ ಮಂಡಳಿ ಮತ್ತು ಆಟಗಾರರ ಜಗಳ ಬಗೆಹರಿಯಲೇ ಇಲ್ಲ. 164 ಟೆಸ್ಟ್‌ಗಳಲ್ಲಿ 77ರಲ್ಲಿ ಅವರು ಸೋತ ತಂಡದಲ್ಲಿದ್ದರು. 2005ರಲ್ಲಿ ಪ್ರಾಯೋಜಕತ್ವದ ಜಗಳದಿಂದ ಲಾರಾ ಮುಂತಾದವರು ಹೊರಗುಳಿದಾಗ ನಾಯಕತ್ವ ಚಂದ್ರಪಾಲ್ ಹೆಗಲಿಗೆ ಬಿತ್ತು. ನಾಯಕರಾಗಿ ಮೊದಲ ಟೆಸ್ಟಿನಲ್ಲೇ ಜಾರ್ಜ್‌ಟೌನಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಔಟಾಗದೆ 203. ಆದರೆ 14 ಟೆಸ್ಟ್‌ಗಳ ನಾಯಕತ್ವದಲ್ಲಿ ಗೆಲುವು ಒಂದೇ. 2006ರಲ್ಲಿ ಬಿಟ್ಟುಕೊಟ್ಟರು. ಮಾತು ಕಡಿಮೆಯ ಮನುಷ್ಯ, ಒಡೆದ ಮನೆಯನ್ನು ಕೂಡಿಸುವ ಕೆಲಸ ಅವರದಾಗಿರಲಿಲ್ಲ.

ನಿಧಾನಿ ಎಂಬ ಹೆಸರೂ ಅಂಟಿಕೊಂಡಿತು. ಟೆಸ್ಟಿನಲ್ಲಿ ನೂರು ಎಸೆತಕ್ಕೆ 43 ರನ್ ಎಂಬುದು ಅವರ ವೇಗ, ನಿಜ. ನಿವೃತ್ತರಾದಾಗ ಅವರಿಗಿಂತ ಹೆಚ್ಚು ಎಸೆತ ಎದುರಿಸಿದ್ದವರು ನಮ್ಮ ರಾಹುಲ್ ದ್ರಾವಿಡ್, ಸಚಿನ್ ತೆಂಡೂಲ್ಕರ್ ಮತ್ತು ಜಾಕ್ ಕಾಲಿಸ್ ಮಾತ್ರ. ಆದರೆ 2003ರ ಏಪ್ರಿಲ್‌ನಲ್ಲಿ ಬೋರ್ಡಾದಲ್ಲಿ ಆಸ್ಟ್ರೇಲಿಯಾ ವಿರುದ್ಧ ಐವತ್ತರ ಆಸುಪಾಸಿನಲ್ಲಿ ಐದು ವಿಕೆಟ್ ಬಿದ್ದಿದ್ದಾಗ ಇದೇ ನಿಧಾನಿ 69 ಎಸೆತಗಳಲ್ಲಿ ಶತಕ ಬಾರಿಸಿದರು. ಆಗಿನ ಮಟ್ಟಿಗೆ ಅದು ಟೆಸ್ಟ್ ಇತಿಹಾಸದ ಮೂರನೇ ಅತಿವೇಗದ ಶತಕ. ಅದೇ ಸರಣಿಯ ಕೊನೆಯ ಟೆಸ್ಟಿನಲ್ಲಿ ಆ್ಯಂಟಿಗಾದಲ್ಲಿ ಬೆರಳು ಮುರಿದುಕೊಂಡೇ 104 ಹೊಡೆದರು. 105 ಹೊಡೆದ ರಾಮನರೇಶ್ ಸರವಣ್ ಕೂಡ ಗಯಾನಾದವರೇ. ವೆಸ್ಟ್ ಇಂಡೀಸ್ ಆ ದಿನ 418 ರನ್ ಬೆನ್ನಟ್ಟಿ ಗೆದ್ದದ್ದು ಟೆಸ್ಟ್ ಕ್ರಿಕೆಟ್ಟಿನ ದಾಖಲೆ.

ಒಂದು ದಿನದ ಪಂದ್ಯಗಳಲ್ಲಿ 8,778 ರನ್, 11 ಶತಕಗಳಿವೆ. 2004ರ ಚಾಂಪಿಯನ್ಸ್ ಟ್ರೋಫಿ ಗೆದ್ದ ತಂಡದಲ್ಲೂ ಇದ್ದರು. 2008ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಶ್ರೀಲಂಕಾ ವಿರುದ್ಧ ಕೊನೆಯ ಎರಡು ಎಸೆತಗಳಲ್ಲಿ ಹತ್ತು ರನ್ ಬೇಕಿತ್ತು. ಚಾಮಿಂಡ ವಾಸ್ ಎಸೆದ ಮೊದಲನೆಯದನ್ನು ಬೌಂಡರಿಗೆ, ಕೊನೆಯದನ್ನು ಸಿಕ್ಸರ್‌ಗೆ ಕಳಿಸಿ ಪಂದ್ಯ ಮುಗಿಸಿದರು. ಆ ವರ್ಷದ ಮೊದಲ ಐಪಿಎಲ್‌ನಲ್ಲಿ ಅವರು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದಲ್ಲಿದ್ದರು ಎಂಬುದು ಬೆಂಗಳೂರಿನ ಬಹಳ ಅಭಿಮಾನಿಗಳಿಗೇ ನೆನಪಿಲ್ಲ. ಆಡಿದ್ದು ಕೆಲವೇ ಪಂದ್ಯ, ರನ್ನೂ ಬರಲಿಲ್ಲ. ಇಪ್ಪತ್ತು ಓವರಿನ ಆಟದಲ್ಲಿ ಅವರ ತಾಳ್ಮೆಗೆ ಜಾಗವಿರಲಿಲ್ಲ.

ಅವರನ್ನು ಒಂದೇ ಇನಿಂಗ್ಸ್‌ನಲ್ಲಿ ಪರಿಚಯ ಮಾಡಿಕೊಡಿ ಎಂದರೆ ನಾನು 2008ರ ಮೇ ತಿಂಗಳ ಕಿಂಗ್‌ಸ್ಟನ್ ಟೆಸ್ಟನ್ನು ಆರಿಸುತ್ತೇನೆ. ಆಸ್ಟ್ರೇಲಿಯಾದ ಬ್ರೆಟ್ ಲೀ ಎಸೆದ ಬೌನ್ಸರ್‌ಗೆ ಚಂದ್ರಪಾಲ್ ತಲೆ ತಿರುಗಿಸಿದರು. ಚೆಂಡು ಹೆಲ್ಮೆಟ್ಟಿನ ಹಿಂಭಾಗಕ್ಕೆ ಬಡಿಯಿತು. ಅವರು ನಿಂತಲ್ಲೇ ಕುಸಿದು ನೆಲಕ್ಕೊರಗಿದರು. ಸ್ವಲ್ಪ ಹೊತ್ತು ಕೈಕಾಲು ಅಲುಗಲಿಲ್ಲ. ಆಸ್ಟ್ರೇಲಿಯಾದವರೇ ಗಾಬರಿಯಿಂದ ಸುತ್ತ ನೆರೆದರು, ಫಿಸಿಯೋ ಓಡಿ ಬಂದರು. ಆಗ ಅವರ ರನ್ 86. ಎದ್ದು ಕುಳಿತು, ಸುಧಾರಿಸಿಕೊಂಡು, ಮತ್ತೆ ಅದೇ ಭಂಗಿಯಲ್ಲಿ ನಿಂತು ಶತಕ ಪೂರೈಸಿದರು. 118ಕ್ಕೆ ಔಟಾದಾಗ ಅವರೇ ಕೊನೆಯ ವಿಕೆಟ್. ಪಂದ್ಯ ಆಸ್ಟ್ರೇಲಿಯಾದ ಪಾಲಾಯಿತು. ಇಂದಿನ ನಿಯಮದ ಪ್ರಕಾರ ತಲೆಗೆ ಅಂಥ ಪೆಟ್ಟು ಬಿದ್ದವರನ್ನು ವೈದ್ಯರು ಪರೀಕ್ಷಿಸದೆ ಆಡಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಆ ದಿನ ಅವರು ತೋರಿದ ಎದೆಗಾರಿಕೆಯ ಮುಂದೆ ನಾನು ಇಂದಿಗೂ ತಲೆಬಾಗುತ್ತೇನೆ. ಆ ವರ್ಷ ಐಸಿಸಿಯ ವರ್ಷದ ಶ್ರೇಷ್ಠ ಕ್ರಿಕೆಟಿಗ ಪ್ರಶಸ್ತಿಯೂ ಅವರಿಗೇ ಬಂತು.

2013ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ಅವರು ತಮ್ಮ 150ನೇ ಟೆಸ್ಟ್ ಆಡಿದರು. ಅದು ತೆಂಡೂಲ್ಕರ್ ಅವರ 200ನೆಯ, ಕೊನೆಯ ಟೆಸ್ಟ್. ಇಡೀ ದೇಶದ ಕಣ್ಣು ಎಲ್ಲಿತ್ತು ಎಂದು ಹೇಳಬೇಕಿಲ್ಲ.

ಕೊನೆ ಮಾತ್ರ ಸರಿಯಾಗಿ ಆಗಲಿಲ್ಲ. 2015ರ ಇಂಗ್ಲೆಂಡ್ ಸರಣಿಯ ಆರು ಇನಿಂಗ್ಸ್‌ಗಳಲ್ಲಿ ಅವರಿಗೆ ಬಂದದ್ದು 92 ರನ್. ವಯಸ್ಸು 40. ಬಾರ್ಬಡೋಸ್ ಟೆಸ್ಟ್ ಮುಗಿದಾಗ ವೆಸ್ಟ್ ಇಂಡೀಸ್ ಪರ ಅತಿ ಹೆಚ್ಚು ರನ್ ಮಾಡಿದವರ ಪಟ್ಟಿಯಲ್ಲಿ ಅವರು ಲಾರಾಗಿಂತ ಕೇವಲ 45 ರನ್ ಹಿಂದಿದ್ದರು. ವಿಶ್ವ ಇಲೆವೆನ್ ತಂಡಕ್ಕಾಗಿ ಲಾರಾ ಗಳಿಸಿದ್ದ 41 ರನ್ನನ್ನೂ ಸೇರಿಸಿದರೆ ಅಂತರ 86. ಮುಂದಿನ ಆಸ್ಟ್ರೇಲಿಯಾ ಸರಣಿಯ ಎರಡು ಟೆಸ್ಟ್ ಆಡಿ ವಿದಾಯ ಹೇಳುವುದು ಅವರ ಆಸೆಯಾಗಿತ್ತು. ಹಿಂದಿನ ನಾಯಕ ಕ್ಲೈವ್ ಲಾಯ್ಡ್ ನೇತೃತ್ವದ ಆಯ್ಕೆ ಸಮಿತಿ ಒಪ್ಪಲಿಲ್ಲ. ಭಾವನೆಗಿಂತ ತಂಡದ ಭವಿಷ್ಯ ಮುಖ್ಯ ಎಂಬುದು ಸಮಿತಿಯ ನಿಲುವು. ದಾಖಲೆ ಮುರಿಯಬಹುದಾಗಿದ್ದದ್ದು ತಮ್ಮದೇ ಆದರೂ ಲಾರಾ ಈ ನಿರ್ಧಾರವನ್ನು ಬಹಿರಂಗವಾಗಿ ಟೀಕಿಸಿದರು.

ಫಾರ್ಮ್ ಇಲ್ಲದವರನ್ನು ಕೈಬಿಡುವುದು ತಪ್ಪಲ್ಲ. ದಾಖಲೆಗಾಗಿ ಯಾರಿಗೂ ತಂಡದಲ್ಲಿ ಜಾಗ ಕೊಡಬೇಕಿಲ್ಲ. ಆದರೆ 21 ವರ್ಷ ದುಡಿದವರಿಗೆ ಮೈದಾನದಲ್ಲಿ ಬ್ಯಾಟ್ ಎತ್ತಿ ಹೋಗುವ ಒಂದು ಅವಕಾಶವನ್ನು ಮೊದಲೇ ಕೂತು ಮಾತಾಡಿ ಗೊತ್ತುಮಾಡಬಹುದಿತ್ತು. 2015ರ ಸರಣಿಗೆ ಮುನ್ನವೇ ಆ ಮಾತು ಆಗಬೇಕಿತ್ತು. 2016ರ ಜನವರಿಯಲ್ಲಿ ಅವರು ಅಂತಾರಾಷ್ಟ್ರೀಯ ಕ್ರಿಕೆಟ್ಟಿನಿಂದ ನಿವೃತ್ತಿ ಘೋಷಿಸಿದರು. 2022ರಲ್ಲಿ ಐಸಿಸಿ ಹಾಲ್ ಆಫ್ ಫೇಮ್ ಗೌರವ ಸಂದಿತು.

ಅಂತಾರಾಷ್ಟ್ರೀಯ ನಿವೃತ್ತಿಯಿಂದ ಬ್ಯಾಟ್ ಕೆಳಗೆ ಬೀಳಲಿಲ್ಲ. ಇಂಗ್ಲೆಂಡಿನ ಕೌಂಟಿಯಲ್ಲಿ ಲ್ಯಾಂಕಶೈರ್ ಪರ ನಲವತ್ತು ದಾಟಿದ ಮೇಲೂ ಶತಕ ಹೊಡೆದರು. ಗಯಾನಾ ತಂಡದಲ್ಲಿ ಮಗ ತೇಜನಾರಾಯಣ ಜೊತೆಗೂ ಆಡಿದರು. 2017ರ ಮಾರ್ಚ್‌ನಲ್ಲಿ ಜಮೈಕಾ ವಿರುದ್ಧದ ಪಂದ್ಯದಲ್ಲಿ ಅಪ್ಪ, ಮಗ ಇಬ್ಬರೂ ಅರ್ಧಶತಕ ಬಾರಿಸಿದರು. ತೇಜನಾರಾಯಣ ಕೂಡ ಎಡಗೈ, ಆದರೆ ಆರಂಭಿಕ. ಅಪ್ಪ ಹಿಡಿಯದ ಹೊಸ ಚೆಂಡಿನ ಜಾಗವನ್ನು ಅವರು ವಹಿಸಿಕೊಂಡಿದ್ದಾರೆ. 2023ರ ಫೆಬ್ರುವರಿಯಲ್ಲಿ ಬುಲವಾಯೊದಲ್ಲಿ ಜಿಂಬಾಬ್ವೆ ವಿರುದ್ಧ ಅವರು ಔಟಾಗದೆ 207 ರನ್ ಹೊಡೆದರು. ಅಪ್ಪನ ಗರಿಷ್ಠ ಮೊತ್ತವಾದ 203ಕ್ಕಿಂತ ನಾಲ್ಕು ರನ್ ಹೆಚ್ಚು.